ಖಂಡೇಪೂಜೆಯ ಬಿಸಿಲು

ಮೊನ್ನೆ ಆಯುಧಪೂಜೆಯ ದಿನ ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರು ಸ್ಕೂಟರುಗಳಿಗೆಲ್ಲ ಪೂಜೆ ನಡೆಯುತ್ತಿತ್ತು. ಯಾರೋ ಕರ್ಪೂರದ ತಟ್ಟೆಯನ್ನು ಕಾರಿನೊಳಗಿನ ರಬ್ಬರ್ ಚಾಪೆಯ ಮೇಲಿಟ್ಟು ಮರೆತರು. ಸಾಂಬ್ರಾಣಿ, ಚೆಂಡುಹೂವು, ಒಡೆದ ಬೂದುಗುಂಬಳಕಾಯಿ, ಇವುಗಳ ನಡುವೆ ಸುಟ್ಟ ರಬ್ಬರಿನ ವಾಸನೆ ಸಣ್ಣಗೆ ಎದ್ದಿತು. ಎಲ್ಲರೂ ನಗುತ್ತ ಚಾಪೆಯನ್ನು ಹೊರಗೆಳೆದು ನೀರು ಚಿಮುಕಿಸಿದರು. ನಾನು ಮಾತ್ರ ಕೈಯಲ್ಲಿದ್ದ ಪುರಿ ಕಡಲೆಯನ್ನು ಹಾಗೇ ಹಿಡಿದುಕೊಂಡು ಮೇಲೆ ಬಂದು ಸೋಫಾದ ತುದಿಯಲ್ಲಿ ಕೂತುಬಿಟ್ಟೆ. "ಏನಾಯ್ತಮ್ಮ?" ಎಂದಳು ಮಗಳು. ಹೇಳಬೇಕೆಂದರೆ ಒಂದು ಇಡೀ ಶರತ್ಕಾಲವನ್ನೇ ಹೇಳಬೇಕಾಗಿತ್ತು. "ತಲೆಸುತ್ತು" ಎಂದೆ.

ಸಾಫ್ಟ್‌ವೇರಿನ ಗಾಳಿ ಹೈದರಾಬಾದಿಗೆ ಜೋರಾಗಿ ಬೀಸುತ್ತಿದ್ದ ವರ್ಷ ಅದು. ನಾನೂ ನನ್ನವರೂ ಇದ್ದದ್ದು ಲಿಂಗಂಪಲ್ಲಿಯ ಆಚೆ, ಕೇಂದ್ರ ಸರ್ಕಾರದ ಒಂದು ಹಳೆಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಆ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಟ್ರೇಸರ್. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿದ್ದನ್ನು ಶಾಯಿಯಲ್ಲಿ ಅಚ್ಚುಕಟ್ಟಾಗಿ ತೆಗೆಯುವ ಕೆಲಸ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಗಚ್ಚಿಬೌಲಿ ಕಡೆಯಿಂದ ಬಂಡೆ ಸಿಡಿಸುವ ಸದ್ದು ಬರುತ್ತಿತ್ತು, ಮೇಜಿನ ಮೇಲೆ ಡಬ್ಬಿಯ ಮುಚ್ಚಳ ಅದುರುತ್ತಿತ್ತು. ಕಾಲೊನಿಯ ಪ್ರತಿ ಮನೆಯಿಂದಲೂ ಒಬ್ಬರಾದರೂ ಅಮೀರ್‌ಪೇಟೆಗೆ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದರು. ಮಾತೆತ್ತಿದರೆ ಜಾವಾ. ನಮ್ಮ ಕಾರ್ಖಾನೆಯನ್ನು ಎಲ್ಲರೂ ಮೂಲೆ ಹಿಡಿದ ಅಜ್ಜನನ್ನು ನೋಡುವ ಹಾಗೆ ನೋಡುತ್ತಿದ್ದರು. ಕೋರ್ಸಿನ ಫೀಸು ಮಾತ್ರ ಅಜ್ಜನೇ ಕೊಡಬೇಕು.

ಕಾರ್ಖಾನೆಯ ನಟ್ಟನಡುವೆ ಬಾಯ್ಲರ್ ಮನೆ, ಅದಕ್ಕೆ ಅಂಟಿಕೊಂಡು ಚಿಮಣಿ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ರೈಲು ಇಳಿದವರಿಗೂ ಕಾಣುವಷ್ಟು ಎತ್ತರ. ಹೊಸಬರು ದಾರಿ ಕೇಳಿದರೆ "ಆ ಹೊಗೆ ನೋಡ್ಕೊಂಡು ಬನ್ನಿ" ಎನ್ನುತ್ತಿದ್ದೆವು. ಅದರ ತುದಿಗಿಂತ ಒಂದಾಳು ಕೆಳಗೆ ಒಂದು ಬಿರುಕು ಇತ್ತು. ನಾನು ಅದಕ್ಕೆ ಜರಿ ಎಂದು ಹೆಸರಿಟ್ಟಿದ್ದೆ, ಜರಿಹುಳದ ಹಾಗೆಯೇ ಎರಡೂ ಕಡೆ ಕಾಲು ಚಾಚಿಕೊಂಡು ಓರೆಯಾಗಿ ಮಲಗಿತ್ತು. ನೆಲದ ಮೇಲೆ ನಿಂತವರ ಕಣ್ಣಿಗೆ ಬೀಳುವಂಥದ್ದಲ್ಲ. ನಾನು ಕಂಡದ್ದು ಬಸಣ್ಣನವರ ಫೋಟೋದಲ್ಲಿ.

ಬಸಣ್ಣ ಲಿಂಗಸೂಗೂರಿನ ಕಡೆಯವರು, ಕಾರ್ಖಾನೆಯ ಫೋಟೋ ಸೆಕ್ಷನ್ನಿನ ಏಕೈಕ ಫೋಟೋಗ್ರಾಫರ್. ದಪ್ಪ ಮೈ, ಮೃದು ಮಾತು, ಬೆರಳ ತುದಿಗೆ ಯಾವಾಗಲೂ ಡಾರ್ಕ್‌ರೂಮಿನ ಔಷಧದ ಕಮಟು. ಮುರಿದ ಗೇರು, ತೂತು ಬಿದ್ದ ಎರಕ, ಬಂದ ಮಂತ್ರಿ, ನಿವೃತ್ತರಾಗಿ ಹೋಗುವವರ ಕೊರಳಿನ ಹಾರ, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ತೆಗೆಯುತ್ತಿದ್ದರು. ಅವರ ಪ್ರಾಣವೆಲ್ಲ ಇದ್ದದ್ದು ಒಂದು ಪೂರ್ವ ಜರ್ಮನಿಯ ಕ್ಯಾಮೆರಾದಲ್ಲಿ ಮತ್ತು ಅದಕ್ಕೆ ಕೂಡಿಸುವ, ಮೊಳಕೈಯಷ್ಟು ಉದ್ದದ ಟೆಲಿ ಲೆನ್ಸಿನಲ್ಲಿ. ದಸರೆಯ ವಾರ ಬಾಯ್ಲರ್ ಆರಿಸುತ್ತಿದ್ದರು. ಹೊಗೆ ಅಡಗಿ ಆಕಾಶ ತಿಳಿಯಾಗಿ, ಹಬ್ಬವೂ ಮುಗಿದ ಮೇಲೆ ಬಸಣ್ಣ ಆ ಲೆನ್ಸಿನಲ್ಲಿ ಚಿಮಣಿಯ ತುದಿಯನ್ನು ನಾಲ್ಕೂ ದಿಕ್ಕಿನಿಂದ ತೆಗೆದು, ದಿನಪತ್ರಿಕೆಯ ಹಾಳೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿ ನನ್ನ ಮೇಜಿಗೆ ತರುತ್ತಿದ್ದರು. ನಾನು ಬಿರುಕು ಎಷ್ಟು ಬೆಳೆದಿದೆ ಎಂದು ಅಳೆದು ಚಿಮಣಿಯ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಎಳೆಯುತ್ತಿದ್ದೆ. ಚೀಫ್ ಇಂಜಿನಿಯರ್ ರಾಮಮೂರ್ತಿಯವರು ಅದನ್ನು ನೋಡಿ ಸಹಿ ಹಾಕಿದ ಮೇಲೆಯೇ ಬಾಯ್ಲರಿಗೆ ಮತ್ತೆ ಬೆಂಕಿ. ಕಳೆದ ಎರಡು ವರ್ಷದಿಂದ ಜರಿ ಬೆಳೆಯುತ್ತಲೇ ಇತ್ತು. "ಇನ್ನೊಂದು ಬೆರಳು ಬೆಳೆದರೆ ಬೆಂಕಿ ಹಾಕುವ ಹಾಗಿಲ್ಲ, ಮೊದಲು ರಿಪೇರಿ" ಎಂದು ಅವರು ಹೋದ ವರ್ಷವೇ ಹೇಳಿಬಿಟ್ಟಿದ್ದರು.

ಆ ಲೆನ್ಸ್ ಕಾರ್ಖಾನೆಗೆ ಸುಮ್ಮನೆ ಬಂದದ್ದಲ್ಲ. ಮೊದಲೆಲ್ಲ ಬಿರುಕು ನೋಡಲು ಮನುಷ್ಯರೇ ಹತ್ತುತ್ತಿದ್ದರಂತೆ. ಭಾರ ಎತ್ತುವ, ಎತ್ತರ ಹತ್ತುವ ಕೆಲಸದವರನ್ನು ಅಲ್ಲಿ ಖಲಾಸಿಗಳು ಎನ್ನುತ್ತಾರೆ. ಒಂದು ವರ್ಷ ಪೆಂಟಯ್ಯ ಎನ್ನುವ ಹಿರಿಯ ಖಲಾಸಿ ಚಿಮಣಿಯ ಮೈಗೆ ಹೂತಿದ್ದ ಕಬ್ಬಿಣದ ಮೆಟ್ಟಿಲುಗಳ ಮೇಲ್ತುದಿಯಿಂದ ಕೈ ಜಾರಿ ಬಿದ್ದ. ಅವನ ಹಿಂದೆಯೇ ಹತ್ತುತ್ತಿದ್ದವನು ಮಲ್ಲಯ್ಯ, ಆಗಿನ್ನೂ ಹುಡುಗ. ಪೆಂಟಯ್ಯ ಅವನ ಭುಜ ಸವರಿಕೊಂಡೇ ಕೆಳಗೆ ಹೋದನಂತೆ. ಅದಾದ ಮೇಲೆ ಯೂನಿಯನ್ನಿನವರು ಪಟ್ಟು ಹಿಡಿದು ಕೂತರು, ಆಡಳಿತದವರು ಈ ಲೆನ್ಸ್ ತರಿಸಿದರು, ಬಸಣ್ಣ ಕೆಲಸಕ್ಕೆ ಸೇರಿದರು. ಆಮೇಲೆ ಒಬ್ಬನೇ ಒಬ್ಬನೂ ಆ ಚಿಮಣಿ ಹತ್ತಿರಲಿಲ್ಲ.

ಮಲ್ಲಯ್ಯ ನಾನು ಕಾಣುವ ಹೊತ್ತಿಗೆ ಖಲಾಸಿಗಳ ಮೇಸ್ತ್ರಿ. ಮಕ್ತಲ್ ಕಡೆಯವನು, ತೆಲುಗು ಕನ್ನಡ ಎರಡೂ ಅವನಿಗೆ ಮನೆಮಾತೇ. ಇಪ್ಪತ್ತು ಟನ್ನಿನ ಯಂತ್ರವನ್ನು ಒಂದು ಸೀಟಿಯಲ್ಲಿ ಎತ್ತಿಸಿ ಇಳಿಸುವ ಗಂಡಸು, ಕ್ವಾರ್ಟರ್ಸಿನ ನೀರಿನ ಟ್ಯಾಂಕ್ ಹತ್ತುವ ಮಾತು ಬಂದರೂ "ಅದು ಹುಡುಗೂರು ಮಾಡ್ತಾವ್ರಿ" ಎಂದು ಅತ್ತ ಸರಿಯುತ್ತಿದ್ದ. ಯಾರೂ ಆ ವಿಷಯಕ್ಕೆ ಅವನ ಕಾಲೆಳೆಯುತ್ತಿರಲಿಲ್ಲ. ಅವನ ತಮ್ಮ ಈಶ್ವರ ಕೂಡ ಆ ವರ್ಷವೇ ಖಲಾಸಿ ಗ್ಯಾಂಗಿಗೆ ಸೇರಿದ್ದ, ಎರಡು ಮಕ್ಕಳ ತಂದೆ.

ಬಸಣ್ಣನವರು ಖಂಡೇಪೂಜೆ ಎನ್ನುತ್ತಿದ್ದ ಆಯುಧಪೂಜೆಯ ದಿನ ಕಾರ್ಖಾನೆಯ ಒಂದೊಂದು ಶಾಪಿನವರು, ಅಂದರೆ ವಿಭಾಗದವರು, ತಮ್ಮ ತಮ್ಮ ಯಂತ್ರಕ್ಕೆ ಪೂಜೆ ಮಾಡಿಕೊಳ್ಳುವುದು ವಾಡಿಕೆ. ಖಲಾಸಿಗಳು ಮಾತ್ರ ತಮ್ಮ ಹಗ್ಗ ರಾಟೆಗಳಿಗಿಂತ ಮೊದಲು ಫೋಟೋ ಸೆಕ್ಷನ್ನಿಗೆ ಬರುತ್ತಿದ್ದರು. ತಮ್ಮ ಬದಲಿಗೆ ಚಿಮಣಿ ಹತ್ತುವುದು ಆ ಲೆನ್ಸು, ಆದ್ದರಿಂದ ಮೊದಲ ಕಾಯಿ ಅದಕ್ಕೇ. ಬಸಣ್ಣ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂಡಿಸಿ, ಕಿಟಕಿಯಿಂದ ಚಿಮಣಿಯ ತುದಿಗೆ ಗುರಿಯಿಟ್ಟು, ಲೆನ್ಸಿನ ಮುಚ್ಚಳ ತೆಗೆದಿಡುತ್ತಿದ್ದರು. ಮುಚ್ಚಿಟ್ಟ ದೇವರಿಗೆ ಆರತಿ ಎತ್ತುವುದುಂಟೆ? ಕಾಯಿ ಒಡೆಯುವ ಕ್ಷಣಕ್ಕೆ ಸರಿಯಾಗಿ ಮಲ್ಲಯ್ಯ ಗುಂಡಿ ಒತ್ತಿ ಒಂದು ಸಲ ಕ್ಯಾಮೆರಾ ಆಡಿಸಬೇಕು. ಅಷ್ಟೇ. ಆಮೇಲೆ ಹಬ್ಬ ಮುಗಿದು ಕೆಲಸ ಶುರುವಾಗುವವರೆಗೆ ಪೂಜೆಗಿಟ್ಟ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ. ಮುಚ್ಚಳ ಕೂಡ ಹಾಕುವಂತಿಲ್ಲ.

ಇಷ್ಟು ವರ್ಷ ಇದರಿಂದ ಯಾರಿಗೂ ಏನೂ ಆಗಿರಲಿಲ್ಲ, ಯಾಕೆಂದರೆ ಫೋಟೋ ಸೆಕ್ಷನ್ ಇದ್ದದ್ದು ಚಿಮಣಿಯ ಪೂರ್ವಕ್ಕೆ, ಮುಖ್ಯ ರಸ್ತೆಯ ಪಕ್ಕ. ಅಲ್ಲಿಂದ ಚಿಮಣಿ ನೋಡಿದರೆ ಬೆಳಗಿನ ಸೂರ್ಯ ಕ್ಯಾಮೆರಾದ ಬೆನ್ನಿಗೆ, ಸಂಜೆಯ ಸೂರ್ಯ ಇಳಿಯುವುದು ಚಿಮಣಿಯಿಂದ ದೂರ ಎಡಕ್ಕೆ. ಆ ವರ್ಷ ರಸ್ತೆ ಅಗಲವಾಯಿತು. ಕಾಂಪೌಂಡಿನ ಆ ಬದಿಯ ಜಾಗವನ್ನು ಒಂದು ಸಾಫ್ಟ್‌ವೇರ್ ಕಂಪನಿಗೆ ಗುತ್ತಿಗೆಗೆ ಕೊಟ್ಟರು. ಫೋಟೋ ಸೆಕ್ಷನ್ನಿನ ಗಂಟುಮೂಟೆಯನ್ನು ಚಿಮಣಿಯ ಪಶ್ಚಿಮಕ್ಕೆ, ಹಳೆಯ ಕ್ಯಾಂಟೀನಿನ ಮೇಲಿನ ಕೋಣೆಗೆ ಸಾಗಿಸಿದರು. "ಹೊಸಾ ಮನಿ ಭಾಳ ಬೆಳಕೈತಿ ತಂಗಿ" ಎಂದು ಬಸಣ್ಣ ಸಂತೋಷಪಟ್ಟಿದ್ದರು. ಅದರ ದೊಡ್ಡ ಕಿಟಕಿ ಪೂರ್ವಕ್ಕೆ ತೆರೆದುಕೊಳ್ಳುತ್ತಿತ್ತು.

ಆ ಬೆಳಗಿನ ಪೂಜೆಗೆ ನಾನೂ ಹೋಗಿದ್ದೆ. ಸೂರ್ಯ ಇನ್ನೂ ಬಾಯ್ಲರ್ ಮನೆಯ ಮಾಡಿನ ಹಿಂದಿದ್ದ, ಕೋಣೆಯಲ್ಲಿ ತಂಪು ನೆರಳಿತ್ತು. ಬಸಣ್ಣನವರ ಹೆಂಡತಿ ಶಾಂತಕ್ಕ ಚೆಂಡುಹೂವಿನ ಸರ ತಂದಿದ್ದರು. ಲೆನ್ಸಿನ ಮೈಗೆ ವಿಭೂತಿ, ಕುಂಕುಮ.

"ಸೂರ್ಯನಾರಾಯಣನ ಕಡಿಗೇ ಮುಖ ಮಾಡಿ ಕುಂತಾನ ನೋಡ್ರಿ ಈ ಸಲ" ಎಂದು ಶಾಂತಕ್ಕ ಕೈ ಮುಗಿದರು.

"ಒಳ್ಳೇದೇ ಆತಲ್ಲ, ಪೂರ್ವಾಭಿಮುಖ" ಎಂದರು ಬಸಣ್ಣ. ಬೆಳಕಿನ ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ, ಫೋಟೋ ತೆಗೆಯುವಾಗ ಮೋಡದ ಚೂರು ಸರಿದರೂ ತಿಳಿಯುತ್ತಿತ್ತು. ಆದರೆ ಪೂಜೆಯ ದಿನ ಅದು ಅವರಿಗೆ ಕ್ಯಾಮೆರಾ ಆಗಿರಲಿಲ್ಲ, ದೇವರಾಗಿತ್ತು. ದೇವರಿಗೆ ಬಿಸಿಲು ಬಡಿಯುತ್ತದೆ ಎಂದು ಯಾರಿಗೆ ಹೊಳೆದೀತು?

ಮಲ್ಲಯ್ಯ ಗುಂಡಿ ಒತ್ತಿದ. ಟಪ್ ಎಂದು ದೊಡ್ಡ ಸದ್ದು. ಆ ಕ್ಯಾಮೆರಾದ ಒಂದು ಗುಣ ಏನೆಂದರೆ, ಗುಂಡಿ ಒತ್ತಿದಾಗ ಒಳಗಿನ ಕನ್ನಡಿ ಮೇಲೆದ್ದು ಅಲ್ಲೇ ನಿಲ್ಲುತ್ತಿತ್ತು. ಫಿಲ್ಮನ್ನು ಮುಂದಕ್ಕೆ ಸುತ್ತಿದರೆ ಮಾತ್ರ ಕೆಳಗಿಳಿದು ಅಡ್ಡ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಲೆನ್ಸಿನಿಂದ ಬಂದ ಬೆಳಕು ನೇರವಾಗಿ ಹಿಂದಿನ ಬಟ್ಟೆಯ ಪರದೆಗೆ, ಅಂದರೆ ಫಿಲ್ಮಿನ ಮುಂದೆ ತೆರೆದು ಮುಚ್ಚುವ ಷಟರಿಗೆ, ಬೀಳುತ್ತದೆ. ಪೂಜೆಯಾದ ಮೇಲೆ ಸುತ್ತುವವರು ಯಾರು? ಬಾಗಿಲಿಗೆ ಬೀಗ ಹಾಕಿಕೊಂಡು ಎಲ್ಲರೂ ದೊಡ್ಡ ಶಾಪಿನ ಪೂಜೆಗೆ ಹೋದೆವು. ಭಾಷಣ, ಪ್ರಸಾದ, ಮಕ್ಕಳ ಗಲಾಟೆ.

ಬಿಸಿಲು ಏರಿದ ಮೇಲೆ ಶಾಂತಕ್ಕ ಆರತಿ ತಟ್ಟೆ ಮೇಲೆಯೇ ಬಿಟ್ಟುಬಂದೆ ಎಂದು ನೆನಪಿಸಿಕೊಂಡರು. ಬಸಣ್ಣನವರ ಜೊತೆ ನಾನೂ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದರೆ ಸಾಂಬ್ರಾಣಿಯ ಹೊಗೆ ಇನ್ನೂ ತೂಗುತ್ತಿತ್ತು, ಅದರೊಳಗೊಂದು ಸುಟ್ಟ ರಬ್ಬರಿನ ವಾಸನೆ.

"ಕರ್ಪೂರ ಚಾಪಿಗೆ ಬಿತ್ತೇನು?" ಎಂದು ಬಸಣ್ಣ ಬಗ್ಗಿ ನೆಲದ ರಬ್ಬರ್ ಚಾಪೆಯನ್ನೆಲ್ಲ ತಡವಿದರು. ಅಂಚಿನಲ್ಲಿ ಯಾವುದೋ ಕಾಲದ ಒಂದು ಕರಿ ಕಲೆ ಇತ್ತು. "ಹೌದು ನೋಡು, ಇಲ್ಲೇ" ಎಂದು ಅದರ ಮೇಲೆ ನೀರು ಚೆಲ್ಲಿದರು. ಕಿಟಕಿಯ ತುಂಬ ಬಿಸಿಲಿತ್ತು. ಕ್ಯಾಮೆರಾ ಹೂವು ಮುಡಿದುಕೊಂಡು ಚಿಮಣಿಯನ್ನೂ ಅದರ ನೆತ್ತಿಯ ಮೇಲಿನ ಸೂರ್ಯನನ್ನೂ ಒಟ್ಟಿಗೆ ನೋಡುತ್ತ ಶಾಂತವಾಗಿ ನಿಂತಿತ್ತು. ತಟ್ಟೆ ತೆಗೆದುಕೊಂಡು, ಅದಕ್ಕೊಂದು ನಮಸ್ಕಾರ ಹಾಕಿ, ಬೀಗ ಹಾಕಿದೆವು. ಮಾರನೆಯ ದಿನ ದಸರಾ ರಜೆ. ಅವತ್ತೂ ಹೈದರಾಬಾದಿನಲ್ಲಿ ಒಂದು ತುಣುಕು ಮೋಡ ಇರಲಿಲ್ಲ.

ರಜೆ ಮುಗಿದ ಬೆಳಿಗ್ಗೆ ಎಲ್ಲರಿಗೂ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣು" ಎಂದ ಬಸಣ್ಣ ಮೇಲೆ ಹೋಗಿ ಕ್ಯಾಮೆರಾದ ಫಿಲ್ಮ್ ಸುತ್ತುವ ಸನ್ನೆ ತಿರುಗಿಸಿದರು. ಕರ್ರ್ ಎಂದಿತು. ಇನ್ನೊಂದು ಸಲ ತಿರುಗಿಸಿದರು, ಒಳಗೆ ಏನೋ ಹರಿಯಿತು. ನನಗೆ ಹೇಳಿ ಕಳಿಸಿದಾಗ ಅವರು ಕ್ಯಾಮೆರಾದ ಬೆನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಷಟರಿನ ಕಪ್ಪು ಬಟ್ಟೆಯಲ್ಲಿ ಹುಣಸೆ ಬೀಜದಷ್ಟು ಅಗಲದ ತೂತು, ಅಂಚೆಲ್ಲ ಸುಟ್ಟು ಮುರುಟಿತ್ತು. ಬಟ್ಟೆಗೆ ಬಳಿದಿದ್ದ ರಬ್ಬರು ಕರಗಿ ಅದರ ಹಿಂದಿನ ಎರಡನೆಯ ಪರದೆಗೂ ಅಂಟಿಕೊಂಡು, ಸುತ್ತಿದಾಗ ಎರಡೂ ಹರಿದಿದ್ದವು.

ಬಸಣ್ಣ ಕಿಟಕಿಯ ಕಡೆ ನೋಡಿದರು, ಚಾಪೆಯ ಕಡೆ ನೋಡಿದರು, ಮತ್ತೆ ಕಿಟಕಿಯ ಕಡೆ. ಎಲ್ಲವೂ ಅವರಿಗೆ ಒಂದೇ ಸಲ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ.

"ಸಣ್ಣ ಹುಡುಗರೂ ಭೂತಗನ್ನಡಿ ಹಿಡಿದು ಕಾಗದ ಸುಡ್ತಾವ. ನನಗ ತಿಳೀಲಿಲ್ಲಲ್ಲ ತಂಗಿ" ಎಂದು ತೊಡೆಯ ಮೇಲೆ ಕೈ ಬಡಿದುಕೊಂಡರು. ನಾನು ಹೋಗಿ ಕಿಟಕಿ ಮುಚ್ಚಿದೆ.

ಅವತ್ತೇ ಮಧ್ಯಾಹ್ನ ನಾವಿಬ್ಬರೂ ಬಸ್ಸು ಹತ್ತಿ ಅಬಿಡ್ಸಿಗೆ ಹೋದೆವು. ಕ್ಯಾಮೆರಾವನ್ನು ಬಸಣ್ಣ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು, ಜ್ವರ ಬಂದ ಮಗುವನ್ನು ಡಾಕ್ಟರ ಬಳಿ ಒಯ್ಯುವವರ ಹಾಗೆ. ಅಂಚೆ ಕಚೇರಿಯ ಹಿಂದಿನ ಸಾಲಿನಲ್ಲಿದ್ದ ಕ್ಯಾಮೆರಾ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆವು. ಎಲ್ಲ ಕಡೆಯೂ ಜಪಾನಿನ ಮಾಲು. ನಮ್ಮ ಲೆನ್ಸಿನ ಬುಡಕ್ಕೆ ಅವು ಯಾವುವೂ ಕೂಡುತ್ತಿರಲಿಲ್ಲ, ಬಾಡಿಗೆಗೆ ಸಿಗುವ ಲೆನ್ಸುಗಳು ಮದುವೆ ಮನೆಯ ಉದ್ದಕ್ಕೆ ಮಾತ್ರ. ಕೊನೆಯ ಅಂಗಡಿಯ ಮುದುಕ ಸಾಹೇಬರು ಹರಿದ ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, "ಬಂಬಯಿಗೆ ಕಳಿಸಬೇಕು ಭಾಯ್. ಬಟ್ಟೆ ಸಿಕ್ಕರೆ ತಿಂಗಳು, ಸಿಗದಿದ್ದರೆ ಅಲ್ಲಾನೇ ಗತಿ" ಎಂದರು ಹಿಂದಿಯಲ್ಲಿ.

"ಇದರದೇ ಇನ್ನೊಂದು ಬಾಡಿ?" ಎಂದರು ಬಸಣ್ಣ.

"ಇದನ್ನ ಮಾಡಿದ ದೇಶವೇ ಈಗ ಇಲ್ವಲ್ಲ" ಎಂದು ಅವರು ಕ್ಯಾಮೆರಾವನ್ನು ಮತ್ತೆ ಟವೆಲಿನಲ್ಲಿ ನಾಜೂಕಾಗಿ ಸುತ್ತಿಕೊಟ್ಟು ನಮಗೆ ಚಹಾ ತರಿಸಿದರು.

ಮರುದಿನ ಚೀಫ್ ಇಂಜಿನಿಯರು ಫೋಟೋ ತೆಗೆಯುವ ಒಂದು ಏಜೆನ್ಸಿಯವರನ್ನು ಕರೆಸಿದರು. ಕುತ್ತಿಗೆಗೆ ಬಿಲ್ಲೆ ತೂಗಿಸಿಕೊಂಡ ಒಬ್ಬ ಯುವಕ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ತಂದ. ಫಿಲ್ಮೂ ಬೇಡ, ತೊಳೆಯುವುದೂ ಬೇಡ ಎಂದು ಕ್ಷಣದಲ್ಲಿ ಚಿಮಣಿ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದ. ಆಕಾಶ ಬಹಳ ಚೆನ್ನಾಗಿ ಬಂದಿತ್ತು, ಚಿಮಣಿ ಊದಿನಕಡ್ಡಿಯಷ್ಟಿತ್ತು. ದೊಡ್ಡದು ಮಾಡಿದಾಗ ಜರಿ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕಗಳು ಕಂಡವು. ಬೇರೆ ದಿನವಾಗಿದ್ದರೆ ನಾವು ಅವನನ್ನು ಚೆನ್ನಾಗಿ ಆಡಿಕೊಂಡು ನಗುತ್ತಿದ್ದೆವು.

ಬಾಯ್ಲರ್ ಆರಿ ವಾರವಾಗುತ್ತ ಬಂದಿತ್ತು. ಅರ್ಧ ಕಾರ್ಖಾನೆ ಕೈ ಕಟ್ಟಿ ಕೂತಿತ್ತು. ಚಿಮಣಿ ನೋಡುವ ಹೊರಗಿನ ಕಂಪನಿಯವರು ಎರಡು ತಿಂಗಳ ಮೊದಲು ಬರಲಾರೆವು ಎಂದರು. ದುರ್ಬೀನು ಹಿಡಿದರೂ ಮಸಿಯ ಗೆರೆ ಯಾವುದು, ಬಿರುಕು ಯಾವುದು ಎಂದು ತಿಳಿಯಲಿಲ್ಲ. ದೆಹಲಿಯಿಂದ ದಿನಕ್ಕೆರಡು ಸಲ ಫೋನು. ಮೊದಲೇ ಈ ಕಾರ್ಖಾನೆ ಯಾಕೆ ಬೇಕು ಎನ್ನುವ ಮಾತು ಅಲ್ಲಿ ನಡೆಯುತ್ತಿದ್ದ ಕಾಲ. ರಾಮಮೂರ್ತಿಯವರು ಕೆಟ್ಟವರಲ್ಲ, ನನ್ನ ಮೇಜಿನ ಮುಂದೆ ನಿಂತು ಹೋದ ವರ್ಷದ ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ನೋಡದೆ ಬೆಂಕಿ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲಮ್ಮ. ಬೆಂಕಿ ಹಾಕದೆ ಕೂರುವುದಕ್ಕೆ ದೆಹಲಿಯವರು ಬಿಡುವುದಿಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮಲ್ಲಯ್ಯನಿಗೆ ಹೇಳಿ ಕಳಿಸಿದರು.

ಅವರು ಹತ್ತು ಎನ್ನಲಿಲ್ಲ. ಗ್ಯಾಂಗಿನಲ್ಲಿ ಯಾರಾದರೂ ಹತ್ತುವವರಿದ್ದಾರೆಯೇ ಎಂದಷ್ಟೇ ಕೇಳಿದರು. ಮಲ್ಲಯ್ಯ ಬಾಗಿಲ ಬಳಿ ನಿಂತಿದ್ದ ತನ್ನವರನ್ನು ಒಮ್ಮೆ ತಿರುಗಿ ನೋಡಿದ. ಅವರಲ್ಲಿ ಹಗುರ ಮೈಯವನು, ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯವನು ಈಶ್ವರ. ಅವನು ಒಂದು ಹೆಜ್ಜೆ ಮುಂದೆ ಬರುತ್ತಿದ್ದ ಹಾಗೇ ಮಲ್ಲಯ್ಯ, "ನಾನ ಹತ್ತತೀನ್ರಿ ಸಾರ್. ದಾರಿ ಗೊತ್ತೈತಿ" ಎಂದುಬಿಟ್ಟ.

ಬಸಣ್ಣ ಅವನ ಹಿಂದೆಯೇ ಅಂಗಳಕ್ಕೆ ಓಡಿದರು.

"ಮಲ್ಲಯ್ಯ, ಹುಚ್ಚು ಹಿಡದೈತೇನು? ನಿನ್ನ ವಯಸ್ಸೇನು, ನಿನ್ನ ಕೈಕಾಲೇನು. ಸಾರ್‌ಗೆ ಆಗಂಗಿಲ್ಲ ಅಂತ ಹೇಳು. ನಾನೂ ಬರ್ತೀನಿ."

"ಆಗಂಗಿಲ್ಲ ಅಂದ್ರ ಯಾರ್ನ ಕಳಸ್ತಾರ ಅಂತ ನಿಮಗ ತಿಳೀದೇನ್ರಿ ಬಸಣ್ಣಾ?"

"ನಾನ ಹತ್ತತೀನಿ. ಸುಟ್ಟದ್ದು ನನ್ನ ಕ್ಯಾಮೆರಾ."

ಮಲ್ಲಯ್ಯ ಅವರ ಹೊಟ್ಟೆಯನ್ನು ನೋಡಿ ನಕ್ಕ. "ನೀವ್ ಹತ್ತಿದ್ರ ಚಿಮಣಿನ ಬೀಳತೈತ್ರಿ" ಎಂದ. ಬಸಣ್ಣನವರಿಗೂ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡರು. ನನಗಂತೂ ಆ ಇಬ್ಬರ ಮೇಲೂ, ಆ ಕಿಟಕಿಯ ಮೇಲೂ, ಹಾಳು ಸೂರ್ಯನ ಮೇಲೂ ವಿಪರೀತ ಸಿಟ್ಟು ಬಂದಿತ್ತು. ಬೈಯಲು ಮಾತ್ರ ಒಬ್ಬರೂ ಸಿಗಲಿಲ್ಲ. ಪೂಜೆ ಮಾಡಿದವರನ್ನು ಯಾರು ಬೈಯುತ್ತಾರೆ?

ಮರುದಿನ ಬೆಳಿಗ್ಗೆ ಗಾಳಿ ಏಳುವ ಮೊದಲೇ ಮಲ್ಲಯ್ಯ ಹತ್ತಿದ. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ತಲೆಗೆ ಕೆಂಪು ವಸ್ತ್ರ. ಚಪ್ಪಲಿಯನ್ನು ಬುಡದಲ್ಲೇ ಬಿಟ್ಟ. ಒಂದೊಂದು ಮೆಟ್ಟಿಲಿಗೂ ಬೆಲ್ಟಿನ ಕೊಕ್ಕೆ ಬಿಚ್ಚಿ ಮೇಲಿನದಕ್ಕೆ ಹಾಕುವ ಸದ್ದು ಕೆಳಗಿನವರೆಗೆ ಟಣ್ ಟಣ್ ಎಂದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಕೇಳದಾಯಿತು. ಬಸಣ್ಣ ತಲೆ ಎತ್ತಲೇ ಇಲ್ಲ, ಮಲ್ಲಯ್ಯನ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದರು. ಶಾಂತಕ್ಕ ಕ್ವಾರ್ಟರ್ಸಿನಲ್ಲಿ ಒಲೆ ಹಚ್ಚದೆ ಕೂತಿದ್ದರಂತೆ. ನಾನು ಕತ್ತು ನೋಯುವವರೆಗೆ ಆ ಕೆಂಪು ಚುಕ್ಕೆಯನ್ನು ನೋಡಿದೆ. ಅದು ತುದಿಯ ಕಟ್ಟೆ ತಲುಪಿತು. ಅಲ್ಲಿ ನಿಂತಿತು. ಬಹಳ ಹೊತ್ತು ಅಲುಗಲೇ ಇಲ್ಲ. ನೋಡುತ್ತಿದ್ದಾನೆ, ಅಳೆಯುತ್ತಿದ್ದಾನೆ ಎಂದುಕೊಂಡೆವು.

ಇಳಿದು ಬಂದಾಗ ಅವನ ಮುಖದಲ್ಲಿ ಬೆವರೇ ಇರಲಿಲ್ಲ, ಒಣಗಿದ ಸುಣ್ಣದ ಗೋಡೆಯ ಹಾಗಿತ್ತು. ರಾಮಮೂರ್ತಿಯವರು ಅವನ ಎರಡೂ ಕೈ ಹಿಡಿದುಕೊಂಡು, "ಹೇಗಿದೆ ಮಲ್ಲಯ್ಯ?" ಎಂದರು.

"ಹೋದ ವರ್ಷದಂಗ ಐತ್ರಿ ಸಾರ್. ಬೆಳದಿಲ್ಲ."

"ಬಿರುಕಿನೊಳಗೆ ಬೆರಳು ಹೋಗುತ್ತಾ?"

"ಇಲ್ರಿ."

ನಾನು ಹೋದ ವರ್ಷದ ಗೆರೆಯನ್ನೇ ಈ ವರ್ಷದ ನಕ್ಷೆಯ ಮೇಲೆ ಎಳೆದೆ. ಸಾರ್ ಸಹಿ ಹಾಕಿದರು. ಅಂಗಳದಲ್ಲಿ ಯಾರೋ ಜೈ ಎಂದರು, ಖಲಾಸಿಗಳು ಮಲ್ಲಯ್ಯನನ್ನು ಎತ್ತಿ ಕುಣಿಸಿದರು, ಕ್ಯಾಂಟೀನಿನಿಂದ ಎಲ್ಲರಿಗೂ ಉಸ್ಮಾನಿಯಾ ಬಿಸ್ಕತ್ತು, ಚಹಾ ಬಂತು. ಎಷ್ಟೋ ದಿನಗಳ ಮೇಲೆ ನನಗೆ ಹೊಟ್ಟೆ ಹಸಿಯಿತು.

ಬಸಣ್ಣ ಅವನನ್ನು ಆ ಗದ್ದಲದಿಂದ ಬಿಡಿಸಿ ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ನಕ್ಷೆಯ ಒಂದು ಪ್ರತಿ ಕೊಡಲು ನಾನೂ ಹಿಂದೆ ಹೋದೆ. ಮಲ್ಲಯ್ಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಬಸಣ್ಣನವರೇ ಚಹಾದ ಲೋಟ ಹಿಡಿದು ಅವನಿಗೆ ಕುಡಿಸುತ್ತಿದ್ದರು.

"ಬಸಣ್ಣಾ" ಎಂದ ಅವನು. "ನಾನ್ ನೋಡಿಲ್ರಿ."

"ಏನ್ ನೋಡಿಲ್ಲ?"

"ಬಿರುಕು. ಕಟ್ಟಿ ಮುಟ್ಟೂದ್ರಾಗ ಪೆಂಟಯ್ಯ ಕೈ ಬಿಟ್ಟ ಜಾಗ ಬಂತ್ರಿ. ಅಲ್ಲಿಂದ ಕಣ್ಣ ಮುಚ್ಚಿದಾವು ತೆರೀಲಿಲ್ಲ. ಮ್ಯಾಲ ಕಬ್ಬಿಣಕ್ಕ ತಬ್ಬಿಕೊಂಡು ನಿಂತಿದ್ದೆ. ತೆರಿ ತೆರಿ ಅಂತ ನನಗ ನಾನ ಬೈಕೊಂಡೆ. ದೇವ್ರಾಣೆ, ತೆರೀಲಿಲ್ರಿ."

ಕೆಳಗಿನಿಂದ ಜನರ ನಗು ಕೇಳಿಸುತ್ತಿತ್ತು. ಬಸಣ್ಣ ಲೋಟವನ್ನು ಕೆಳಗಿಟ್ಟರು. ನನ್ನ ಮುಖ ನೋಡಿದರು, ನಾನು ಕೈಯಲ್ಲಿದ್ದ ನಕ್ಷೆಯನ್ನು ನೋಡಿದೆ.

"ಸಾರ್‌ಗೆ ಹೇಳೂಣೇನು?" ಎಂದರು ಬಸಣ್ಣ ಮೆಲ್ಲಗೆ.

"ಹೇಳ್ರಿ. ನಾ ಬ್ಯಾಡ ಅನ್ನಂಗಿಲ್ಲ. ಹೇಳಿದ್ರ ನಾಳೆ ಈಶ್ವರ ಹತ್ತತಾನ" ಎಂದು ಮಲ್ಲಯ್ಯ ಗೋಡೆಗೆ ತಲೆಯಾನಿಸಿದ. "ಹೇಳಲಿಲ್ಲಂದ್ರ ಅದರ ಕೆಳಗ ಎಲ್ಲಾರೂ ಕೆಲಸಾ ಮಾಡ್ತಾರ. ನನಗೇನೂ ತಿಳೀವಲ್ದು. ನೀವು ಓದಿದವರು, ನೀವ ಹೇಳ್ರಿ."

ನಮಗೂ ತಿಳಿಯಲಿಲ್ಲ. ಈಶ್ವರನ ಹೆಂಡತಿ ನೆನಪಾದಳು, ಬಾಯ್ಲರ್ ಮನೆಯ ಪಕ್ಕದಲ್ಲೇ ಕೆಲಸ ಮಾಡುವ ವೆಲ್ಡಿಂಗ್ ಶಾಪಿನವರು ನೆನಪಾದರು. ಒಂದನ್ನು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಇನ್ನೊಂದು ಎದುರು ನಿಲ್ಲುತ್ತಿತ್ತು. ಮೂವರೂ ಒಬ್ಬರು ಮಾತಾಡಲಿ ಎಂದು ಇನ್ನೊಬ್ಬರು ಕಾಯುತ್ತ ಕೂತೆವು, ಮಾತು ಹುಟ್ಟುವ ಮೊದಲೇ ಸೈರನ್ ಕೂಗಿತು. ಬಾಯ್ಲರಿಗೆ ಬೆಂಕಿ ಹಾಕಿದ್ದರು.

ಆ ಚಿಮಣಿಗೆ ಅವತ್ತು ಏನೂ ಆಗಲಿಲ್ಲ, ಆ ವರ್ಷವೂ ಆಗಲಿಲ್ಲ. ಫೋಟೋ ಸೆಕ್ಷನ್ನನ್ನು ಮುಚ್ಚಿ ಬಸಣ್ಣನವರನ್ನು ಉಗ್ರಾಣಕ್ಕೆ ಹಾಕಿದರು. ಬೇಸಿಗೆ ಮುಗಿಯುವಷ್ಟರಲ್ಲಿ ನನ್ನವರಿಗೆ ಮೈಸೂರಿಗೆ ವರ್ಗವಾಗಿ ನಾವು ಹೊರಟುಬಂದೆವು. ರೈಲಿನ ಕಿಟಕಿಯಿಂದ ಅದು ನಿಂತೇ ಇರುವುದನ್ನು ಕಂಡೆ. ಆಮೇಲಿನದನ್ನು ನಾನು ಯಾರನ್ನೂ ವಿಚಾರಿಸಿಲ್ಲ, ಆ ಧೈರ್ಯ ನನಗಿಲ್ಲ.

ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸೈರನ್ನಿನ ನಂತರದ ಗಳಿಗೆ. ನಾವು ಮೂವರೂ ಕಿಟಕಿಗೆ ಬಂದು ನಿಂತೆವು. ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ ಹೊಗೆ ಎದ್ದಿತು, ಕೆಳಗೆ ಸೇರಿದ್ದ ಜನ ಚಪ್ಪಾಳೆ ತಟ್ಟಿದರು. ಅವರೆಲ್ಲ ಹೊಗೆಯನ್ನು ನೋಡುತ್ತಿದ್ದರು. ನಾವು ಅದರ ಕೆಳಗೆ, ಒಂದಾಳು ಕೆಳಗೆ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದೆವು. ಅಷ್ಟು ದೂರಕ್ಕೆ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ.